ಶಂಕ್ರೆವ್ವನ ಸಂಜೆಯ ಬಾಗಿಲು

ತೀರಿಕೊಂಡ ಸೋದರತ್ತೆಯ ಹಣೆಗೆ ವಿಭೂತಿ ಎಳೆಯುವಾಗ ನೀಲಮ್ಮನಿಗೆ ಒಂದೇ ಅಂಜಿಕೆ: ಅಳು ಬರುತ್ತಿಲ್ಲ. ಬಂದವರೆಲ್ಲ ನೋಡುತ್ತಿದ್ದಾರೆ. ಬಿ.ಎ. ಓದಿದ ಹುಡುಗಿ, ಎದೆ ಕಲ್ಲು ಎಂದುಕೊಳ್ಳುತ್ತಿರಬಹುದು. ಗೋಡೆಗೆ ಒರಗಿಸಿ ಕೂಡಿಸಿದ್ದ ಶಂಕ್ರೆವ್ವನ ತಲೆ ಎಡಕ್ಕೆ ವಾಲಿತ್ತು. ನೆಟ್ಟಗೆ ಮಾಡಿ, ಕೈಯನ್ನು ಅಲ್ಲೇ ಇಟ್ಟುಕೊಂಡಳು.

"ಬಾಯಿಬಿಟ್ಟು ಅಳವಾ," ಎಂದಳು ಪಕ್ಕದ ಮನೆಯ ಹನಮವ್ವ. "ಸಣ್ಣಾಕಿ ಇದ್ದಾಗಿಂದ ಸಾಕ್ಯಾಳ ನಿನ್ನ. ಒಳಗ ಇಟ್ಕೊಂಡ್ರ ಎದಿ ಒಡೀತೈತಿ."

ಅಂಗಳದಲ್ಲಿ ಭಜನೆಯವರು ತಾಳ ಹಾಕುತ್ತಿದ್ದರು. ಊರ ಹಿರಿಯ ಶ್ರೀಶೈಲಪ್ಪ ಕಂಬಳಿಯ ಮೇಲೆ ಕುಳಿತು ಹೇಳುತ್ತಿದ್ದ: "ಶರಣಿ ಇದ್ದಂಗ ಇದ್ದಳ್ರೀ. ಆ ನಬಿಲಾಲ ಬೇವಿನ ಗಿಡಕ್ಕ ಸ್ಪೀಕರ್ ಕಟ್ಟಿ ಸಿನಿಮಾ ಹಾಡ ಒದರಸ್ತಿದ್ದನಲ್ಲ, ಶುರು ಆತಂದ್ರ ಸಾಕು, ದಡ್ ಅಂತ ಬಾಗಲಾ ಹಾಕ್ತಿದ್ದಳು. ಆಕೀನ್ನ ನೋಡೇ ನಾವು ಕಣ್ಣ ತೆರದು ಸ್ಪೀಕರ್ ಇಳಸಿದ್ವಿ."

"ಹೌದ್ರಿ. ಇಲ್ಲಾಂದ್ರ ಇಷ್ಟೊತ್ತಿಗೆ ಊರ ಹುಡುಗ್ರೆಲ್ಲಾ ಮುಂಬೈ ರೈಲ ಹತ್ತತಿದ್ವು," ಎಂದ ಮಾಳಿಂಗಪ್ಪ.

"ಸ್ಪೀಕರ್ ಇಳಿಸಿದ ಮ್ಯಾಲೇ ನಿನ್ನ ಮಗ ರೈಲ ಹತ್ಯಾನಲ್ಲೋ," ಹನಮವ್ವ ಒಳಗಿನಿಂದಲೇ ಕುಟುಕಿದಳು.

"ಅಂವ ನಾ ಬಡದದ್ದಕ್ಕ ಹೋಗ್ಯಾನ ಬಿಡವಾ."

ಯಾರೋ ನಕ್ಕರು, ಸಾವಿನ ಮನೆಯೆಂದು ನೆನಪಾಗಿ ಕೆಮ್ಮಿದರು.

*

ಮುಚ್ಚಿದ ಬಾಗಿಲ ಒಳಗೆ ಏನಾಗುತ್ತಿತ್ತೆಂಬುದು ನೀಲಮ್ಮನೊಬ್ಬಳಿಗೇ ಗೊತ್ತಿತ್ತು.

ನಬಿಲಾಲ ಮದುವೆಗಳಿಗೆ ಸ್ಪೀಕರ್ ಬಾಡಿಗೆ ಕೊಡುತ್ತಿದ್ದ. ಮದುವೆ ಇಲ್ಲದ ದಿನಗಳಲ್ಲೂ ಸಂಜೆ ಒಂದಷ್ಟು ಹೊತ್ತು ರಿಕಾರ್ಡು ಹಾಕುವುದು ಅವನಿಗೆ ರೂಢಿ. ಹಾಡು ಶುರುವಾದೊಡನೆ ಅತ್ತೆ ಅಗಳಿ ಹಾಕಿ, ತಲೆಯ ಮೇಲಿನ ಸೆರಗು ಇಳಿಸಿ, ರೊಟ್ಟಿ ಬಡಿಯಲು ಕೂಡುವಳು. ಬಡಿತ ಹಾಡಿನ ತಾಳಕ್ಕೇ ಬೀಳುತ್ತಿತ್ತು. ಹಿಂದಿಯ ಒಂದಕ್ಷರ ತಿಳಿಯದು. ರಾಗ ಮಾತ್ರ ತಪ್ಪುತ್ತಿರಲಿಲ್ಲ.

"ಬಾಗಲಾ ಯಾಕ ಹಾಕ್ತಿ ಅತ್ತಿ?"

"ಗಂಡ ಸತ್ತಾಕಿ ಸಿನಿಮಾ ಹಾಡ ಹಾಡ್ತಾಳಂದ್ರ ಊರಾಗ ಬಾಳಸ್ತಾರೇನ? ಸುಮ್ನ ಒಲ್ಯಾನ ಕಟ್ಟಿಗಿ ಮುಂದ ಮಾಡು."

ಎಪ್ಪತ್ಮೂರನೇ ಇಸವಿಯಲ್ಲಿ ಸಿಂದಗಿ ಪೇಟೆಗೆ ಓದಲು ಹೋಗುವ ಈ ಕನ್ನೊಳ್ಳಿ ಊರಿನ ಹುಡುಗರು ಬೆಲ್‌ಬಾಟಮ್ ತೊಟ್ಟು, ಕಿವಿ ಮುಚ್ಚುವಂತೆ ಕೂದಲು ಬಿಟ್ಟರು. ಇಬ್ಬರು ಮ್ಯಾಟ್ರಿಕ್ ನಪಾಸಾದರು. ಗುಡಿಯ ಮುಂದೆ ಊರು ಸೇರಿತು. ಎಲ್ಲಕ್ಕೂ ನಬಿಲಾಲನ ಹಾಡೇ ಕಾರಣವೆಂದಾಯಿತು. "ಪಾಪ, ಶಂಕ್ರೆವ್ವಗ ಸಂಜೀಕ ಬಾಗಲಾ ತಗ್ಯಾಕ ಆಗವಲ್ದು," ಎಂದು ಶ್ರೀಶೈಲಪ್ಪ ಅಂದಮೇಲೆ ಸ್ಪೀಕರ್ ಇಳಿಸಬೇಕೆಂದು ತೀರ್ಮಾನವಾಯಿತು.

ನಬಿಲಾಲ ತಾನೇ ಮರ ಹತ್ತಿ ಸ್ಪೀಕರ್ ಇಳಿಸಿದ. ಮರುದಿನ ಬಾಗಿಲಿಗೆ ಬಂದು, "ತಪ್ಪಾತು ಅವ್ವಾ," ಎಂದು ಕೈಮುಗಿದ. ಅತ್ತೆ ತುಟಿ ತೆರೆದಳು. ಬೀದಿಯಲ್ಲಿ ಜನರಿದ್ದರು. ಸೆರಗು ಹಣೆಗೆ ಎಳೆದುಕೊಂಡು ಒಳಗೆ ಸರಿದಳು.

ಆಮೇಲೂ ಸಂಜೆಯಾದರೆ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಒಂದು ಸಾಲು ಎತ್ತಿಕೊಳ್ಳುವಳು. ಮುಂದಿನದು ನೆನಪಾಗದೆ, ಹಿಟ್ಟಿನ ಕೈಯಲ್ಲೇ ಕೂತುಬಿಡುವಳು.

*

ಹೊಲದಲ್ಲಿ ಕುಣಿ ತೋಡಿ ಆಗಿತ್ತು. ಶಂಕ್ರೆವ್ವನನ್ನು ಕೂತಂತೆಯೇ ಇಳಿಸಿದರು. ಒಬ್ಬೊಬ್ಬರೇ ಹಿಡಿ ಮಣ್ಣು ಕೊಟ್ಟು ಸರಿದರು. ಬದುವಿನ ಮೇಲೆ ನಬಿಲಾಲ ತಲೆಗೆ ವಸ್ತ್ರ ಕಟ್ಟಿಕೊಂಡು ನಿಂತಿದ್ದ.

"ಬಾರೋ, ದೂರ ಯಾಕ ನಿಂತಿ?" ಮಾಳಿಂಗಪ್ಪ ಕರೆದ.

"ಬ್ಯಾಡಣ್ಣ. ಇರೂತನಕ ನನ್ನಿಂದ ತ್ರಾಸ ಪಟ್ಟಾಳ. ನನ್ನ ಕೈಯಾನ ಮಣ್ಣು ಆಕಿಗೆ ಬ್ಯಾಡ." ಹೊರಳಿ ನಿಂತ.

"ತಿಳದಾಂವ," ಎಂದು ಶ್ರೀಶೈಲಪ್ಪ ತಲೆದೂಗಿ, ಮಣ್ಣು ಎಳೆಯಲು ಸನಿಕೆಯವನಿಗೆ ಸನ್ನೆ ಮಾಡಿದ.

ಕಾಲೇಜಿನಲ್ಲಿ ಹಾಜರಿ ಕರೆದಾಗ ನೀಲಮ್ಮನ ಧ್ವನಿ ಮುಂದಿನ ಬೆಂಚಿಗೂ ಮುಟ್ಟುತ್ತಿರಲಿಲ್ಲ. ಈಗ ಕುಣಿಯ ಅಂಚಿನಿಂದಲೇ ಕೂಗಿದಳು:

"ನಬಿಲಾಲಣ್ಣಾ!"

ಭಜನೆಯವರ ತಾಳ ನಿಂತಿತು. ಎಲ್ಲರೂ ಅವಳತ್ತ ತಿರುಗಿದರು.

"ನಮ್ಮತ್ತಿಗೆ ನಿನ್ನ ಹಾಡು ಬಾಳ ಸೇರತಿದ್ವು. ಬಾಗಲಾ ಹಾಕ್ಕೊಂಡು ಹಾಡತಿದ್ದಳು."

ಬದುವಿನ ಮೇಲೆ ನಬಿಲಾಲ ಬಗ್ಗಿ, ಚಪ್ಪಲಿ ಕಳಚತೊಡಗಿದ.