ತಂಗಿಗೆ ಮೊದಲು ಕೊಟ್ಟ ಹಣ

ಫೋಟೊ ಸ್ಟುಡಿಯೊಗೆ ಈಚೆಗೆ ಬರುತ್ತಿದ್ದವರು ಎರಡೇ ಥರದವರು. ಪಾಸ್‌ಪೋರ್ಟ್ ಅಳತೆಯ ಫೋಟೊ ಬೇಕಾದವರು, ಸಾಲ ವಸೂಲಿಗೆ ಬಂದವರು. ಎಲ್ಲರ ಕೈಯಲ್ಲೂ ಕ್ಯಾಮೆರಾ ಫೋನು ಬಂದ ಮೇಲೂ, ದೊಡ್ಡ ಪ್ರಿಂಟಿಂಗ್ ಮಷೀನು ತಂದರೆ ವ್ಯಾಪಾರ ಕುದುರುತ್ತದೆ ಎಂದು ನಂಬಿದ ಪುಣ್ಯಾತ್ಮ ಆ ಸ್ಟುಡಿಯೊದವನು. ಮಷೀನಿಗೆ ಬ್ಯಾಂಕಿನಲ್ಲಿ ಸಾಲ, ಅದರ ಕಂತಿಗೆ ಫೈನಾನ್ಸಿನಲ್ಲಿ ಸಾಲ, ಕೊನೆಗೆ ಎಲ್ಲರೂ ಕೈಬಿಟ್ಟಾಗ ತಂಗಿಯ ಹತ್ತಿರ.

ಹೆಂಡತಿ ಹೇಳಿ ಹೇಳಿ ಸಾಕಾಗಿದ್ದಳು. "ದಿವಾಳಿ ಅರ್ಜಿ ಅಂತ ಇದ್ಯಂತೆ. ಕಾನೂನು ನೆರವು ಕೇಂದ್ರದಲ್ಲಿ ಪುಕ್ಕಟೆ ಹೇಳಿಕೊಡ್ತಾರಂತೆ. ಒಂದ್ಸಲ ಹೋಗಿ ಕೇಳೋಣ."

"ದಿವಾಳಿನಾ? ಬೀದೀಲಿ ತಲೆ ಎತ್ಕೊಂಡು ಓಡಾಡೋದು ಬೇಡ್ವಾ?"

"ಈಗೇನು ಎತ್ಕೊಂಡೇ ಓಡಾಡ್ತಿದ್ದೀರಾ? ಫೈನಾನ್ಸಿನೋರ ಬೈಕ್ ಸದ್ದು ಕೇಳಿದ್ರೆ ಡಾರ್ಕ್‌ರೂಮಿಗೆ ನುಗ್ತೀರಿ."

ಕೊನೆಗೆ ಅವನು ಹೋಗಲು ಒಪ್ಪಿದ. ಆದರೆ ಹೋಗುವ ಮೊದಲು ಹೆಂಡತಿಗೂ ಹೇಳದೆ ಒಂದು ಕೆಲಸ ಮಾಡಿದ. ತನ್ನ ಎರಡು ಒಳ್ಳೆಯ ಕ್ಯಾಮೆರಾಗಳನ್ನೂ ಲೆನ್ಸುಗಳನ್ನೂ ಮಾರಿ, ಬಂದ ಹಣವನ್ನೆಲ್ಲ ತಂಗಿಯ ಖಾತೆಗೆ ಹಾಕಿಬಿಟ್ಟ. ತಂಗಿ ಟೈಲರು. ಮನೆಯ ಹಿಂದಿನ ಕೋಣೆಯಲ್ಲಿ, ಹಗಲಲ್ಲೂ ದೀಪ ಹಾಕಿಕೊಂಡು ಹೊಲಿಯುತ್ತಿದ್ದಳು. ರಸ್ತೆಗೆ ಕಿಟಕಿ ಇರುವ ಒಂದು ಸ್ವಂತ ಅಂಗಡಿ ಹಿಡಿಯಬೇಕೆಂದು ಎಂಟು ವರ್ಷ ಕೂಡಿಟ್ಟದ್ದನ್ನು ಅಣ್ಣನಿಗೆ ಕೊಟ್ಟಿದ್ದಳು.

"ಬ್ಯಾಂಕಿನೋರು ದೊಡ್ಡೋರು, ತಡ್ಕೋತಾರೆ. ಮೊದ್ಲು ನಿಂದು," ಎಂದು ಫೋನಿನಲ್ಲಿ ಹೇಳಿದ. ಆ ವರ್ಷ ತಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು ಎಂದು ಅವನಿಗೆ ಅನ್ನಿಸಿತು. ಅವನ ಜಾಗದಲ್ಲಿದ್ದರೆ ನಮಗೂ ಹಾಗೇ ಅನ್ನಿಸುತ್ತಿತ್ತು ಬಿಡಿ.

ಮಾರನೆಯ ವಾರ ಗಂಡ ಹೆಂಡತಿ ಇಬ್ಬರೂ ಕೇಂದ್ರಕ್ಕೆ ಹೋದರು. ಅಲ್ಲಿನ ಮೇಡಂ ನಿಧಾನವಾಗಿ ಬಿಡಿಸಿ ಹೇಳಿದರು. "ನಿಮ್ಮ ಆಸ್ತಿ, ನಿಮ್ಮ ಸಾಲ, ಒಂದೂ ಬಿಡದೆ ಪಟ್ಟಿ ಮಾಡಿ ಕೋರ್ಟಿಗೆ ಕೊಡ್ಬೇಕು. ಕೋರ್ಟಿನ ಅಧಿಕಾರಿ ಮಾರೋದನ್ನ ಮಾರಿ, ಸಾಲ ಕೊಟ್ಟೋರಿಗೆಲ್ಲ ಹಂಚ್ತಾರೆ. ಆಮೇಲೆ ಸಾಲಮುಕ್ತಿ ಆದೇಶ ಬಂದ್ರೆ, ಉಳಿದ ಸಾಲಕ್ಕೆ ಯಾರೂ ನಿಮ್ಮ ಬಾಗಿಲು ತಟ್ಟೋ ಹಾಗಿಲ್ಲ."

"ಎಲ್ಲಾ ಸಾಲನೂ ಹೋಗುತ್ತಾ?" ಎಂದು ಹೆಂಡತಿ ಕೇಳಿದಳು.

"ಎಲ್ಲಾ ಅಲ್ಲಮ್ಮ. ಕೋರ್ಟು ಹಾಕಿದ ದಂಡ, ಹೆಂಡ್ತಿ ಮಕ್ಕಳಿಗೆ ಕೊಡಬೇಕಾದ ಜೀವನಾಂಶ, ಮೋಸ ಮಾಡಿ ತಂದ ಸಾಲ, ಇವು ಸಾಮಾನ್ಯವಾಗಿ ಹೋಗಲ್ಲ. ಯಾರಾದ್ರೂ ಜಾಮೀನು ನಿಂತಿದ್ರೆ ಅವರ ಹೊಣೆನೂ ಹೋಗಲ್ಲ. ಅಡ ಇಟ್ಟ ಮಷೀನನ್ನ ಬ್ಯಾಂಕಿನೋರು ಒಯ್ಯಬಹುದು." ಮೇಡಂ ಪೆನ್ನು ಕೆಳಗಿಟ್ಟು ಅವನ ಮುಖ ನೋಡಿದರು. "ಈಚೆಗೆ ಏನಾದ್ರೂ ಮಾರಿದ್ರಾ? ನೆಂಟರಿಗೆ ಯಾರಿಗಾದ್ರೂ ದುಡ್ಡು ತೀರಿಸಿದ್ರಾ?"

ತಂಗಿಯ ಹೆಸರು ಕೋರ್ಟಿನ ಕಾಗದಕ್ಕೆ ಹತ್ತುವುದು ಅವನಿಗೆ ಬೇಡವಾಗಿತ್ತು. "ಇಲ್ಲ ಮೇಡಂ," ಎಂದುಬಿಟ್ಟ.

ಅರ್ಜಿ ಕೋರ್ಟಿಗೆ ಹೋಗಿ ಎರಡು ತಿಂಗಳಿಗೆ, ತಂಗಿಗೆ ಹಾಕಿದ ಹಣದ ವಿವರ ಕೇಳಿ ಕೋರ್ಟಿನ ಅಧಿಕಾರಿಯ ಪತ್ರ ಬಂತು. ಅವನ ಬ್ಯಾಂಕ್ ಖಾತೆಯಲ್ಲಿ ಎಲ್ಲವೂ ಕಾಣುತ್ತಿತ್ತು. ಪತ್ರ ಓದಿದ ಹೆಂಡತಿ ಚಪ್ಪಲಿ ಮೆಟ್ಟಿಕೊಂಡಳು. ಇಬ್ಬರೂ ಮತ್ತೆ ಮೇಡಂ ಮುಂದೆ ಕುಳಿತರು.

"ಅದು ನನ್ನ ತಂಗಿ ದುಡ್ಡು ಮೇಡಂ!" ಎಂದು ಅವನು ದನಿ ಏರಿಸಿದ.

"ಹೌದು. ಬ್ಯಾಂಕಿನೋರೂ ಅವರ ದುಡ್ಡನ್ನೇ ಕೊಟ್ಟಿರೋದು. ಅರ್ಜಿಗೆ ಮುಂಚೆ ಮನೆಯೋರಿಗೆ ಪೂರ್ತಿ ತೀರಿಸಿ ಉಳಿದೋರಿಗೆ ಕೈ ಎತ್ತಿದ್ರೆ ಕಾನೂನು ಒಪ್ಪಲ್ಲ. ಆ ಹಣ ವಾಪಸ್ ತರಿಸಿ ಎಲ್ಲರಿಗೂ ಹಂಚ್ತಾರೆ. ಮುಚ್ಚಿಟ್ರೆ ಸಾಲಮುಕ್ತಿನೇ ಸಿಗಲ್ಲ, ಸಾಲವೆಲ್ಲ ಹಾಗೇ ತಲೆ ಮೇಲೆ ಉಳಿಯುತ್ತೆ. ಈಗ್ಲೇ ನಿಜ ಬರೆದುಕೊಡಿ."

"ಅವತ್ತೇ ಇವರು ಹೇಳಿದ್ದಿದ್ರೆ?" ಎಂದು ಹೆಂಡತಿ ಕೇಳಿದಳು.

"ಆ ದುಡ್ಡು ಮುಟ್ಟಬೇಡಿ ಅಂತ ತಂಗಿಗೆ ಅವತ್ತೇ ಹೇಳಿಸ್ತಿದ್ದೆ."

ಆದರೆ ತಂಗಿ ಹೋದ ತಿಂಗಳಷ್ಟೇ ಅಂಗಡಿಗೆ ಅಡ್ವಾನ್ಸ್ ಕೊಟ್ಟಿದ್ದಳು.

ನಿಜ ಬರೆದುಕೊಟ್ಟು, ಅಲ್ಲಿಂದ ನೇರ ತಂಗಿಯ ಮನೆಗೆ ಹೋದ. ಹಿಂದಿನ ಕೋಣೆಯಲ್ಲಿ ಅವಳು ಬಟ್ಟೆ, ದಾರ, ಗುಂಡಿಗಳನ್ನು ಡಬ್ಬಗಳಿಗೆ ತುಂಬುತ್ತಿದ್ದಳು. ಅವನು ತೊದಲುತ್ತ ಎಲ್ಲ ಹೇಳಿದ. ಅವಳು ಕೂಗಾಡಲಿಲ್ಲ. ಕೂಗಾಡಿದ್ದರೇ ವಾಸಿಯಿತ್ತು.

"ಅಣ್ಣ, ನೀನು ಕೊಡದೇ ಇದ್ದಿದ್ರೆ ನಾನು ಕಾಯ್ತಿದ್ದೆ. ಎಂಟು ವರ್ಷ ಕಾದೋಳಿಗೆ ಇನ್ನೆರಡು ವರ್ಷ ದೊಡ್ಡದಾ? ಕೊಟ್ಟು ಕಿತ್ಕೊಂಡ್ಯಲ್ಲ," ಎಂದಳು.

ಅಂಗಡಿ ಬೇಡವೆಂದದ್ದಕ್ಕೆ ಅದರ ಮಾಲೀಕ ಅಡ್ವಾನ್ಸಿನಲ್ಲಿ ಅರ್ಧ ಹಿಡಿದುಕೊಂಡ. ಅಧಿಕಾರಿಗೆ ಕಟ್ಟಲು ಕಡಿಮೆ ಬಿದ್ದದ್ದಕ್ಕೆ ಅವಳು ಅಂಗಡಿಗೆಂದು ಕೊಂಡಿದ್ದ ಹೊಸ ಹೊಲಿಗೆ ಮಷೀನನ್ನು ಮಾರಿದಳು. ಎಲ್ಲರಿಗೂ ಹಂಚಿದಾಗ ಅವಳ ಪಾಲಿಗೆ ಬಂದದ್ದು ಏನೇನೂ ಸಾಲದು.

ನಿಜ ಹೇಳಿದ್ದರಿಂದ ಅವನಿಗೆ ಸಾಲಮುಕ್ತಿ ಆದೇಶ ಸಿಕ್ಕಿತು. ಬೈಕುಗಳು ಬರುವುದು ನಿಂತಿತು. ಬೇರೊಬ್ಬರ ಸ್ಟುಡಿಯೊದಲ್ಲಿ ಸಂಬಳಕ್ಕೆ ಸೇರಿದ. ಈಗಲಾದರೂ ಕೇಳಿ ಮಾಡೋಣವೆಂದು ಮೇಡಂ ಹತ್ತಿರ ಹೋದ. "ತಂಗಿಗೆ ಈಗ ಕೊಡಬಹುದಾ?"

"ಧಾರಾಳವಾಗಿ. ಆದೇಶ ಬಂದ ಮೇಲೆ ನಿಮ್ಮ ದುಡಿಮೆಯಲ್ಲಿ ಇಷ್ಟಪಟ್ಟು ಯಾರಿಗೆ ಕೊಟ್ರೂ ಯಾರೂ ಕೇಳಲ್ಲ. ಅವತ್ತು ಕೇಳಿದ್ದಿದ್ರೂ ಇದನ್ನೇ ಹೇಳ್ತಿದ್ದೆ."

ಮೊದಲ ಸಂಬಳದಲ್ಲಿ ಒಂದು ಪಾಲನ್ನು ಕವರಿನಲ್ಲಿಟ್ಟುಕೊಂಡು ತಂಗಿಯ ಮನೆಗೆ ಹೋದ. ತಂಗಿ ಕವರನ್ನು ನೋಡಿದಳು, ಕೈ ಚಾಚಲಿಲ್ಲ. "ಇದನ್ನೂ ಯಾರಾದ್ರೂ ವಾಪಸ್ ಕೇಳ್ತಾರಾ ಅಣ್ಣ?" ಎಂದಳು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಸಾಲ ಕೈಮೀರಿದೆಯೇ? ನಾಚಿಕೆ ಬಿಟ್ಟು ಮೊದಲು ಕಾನೂನು ನೆರವು ಕೇಂದ್ರಕ್ಕೆ ಹೋಗಿ. ಒಂದೊಂದು ಕಡೆ ಒಂದೊಂದು ನಿಯಮ ಇರುತ್ತದೆ, ನಿಮ್ಮಲ್ಲಿ ಹೇಗೆಂದು ಕೇಳಿ. ಕೇಳುವವರೆಗೆ ಏನನ್ನೂ ಮಾರಬೇಡಿ, ನೆಂಟರಿಗೆ ಗುಟ್ಟಾಗಿ ತೀರಿಸಬೇಡಿ. ಈಗಾಗಲೇ ಕೊಟ್ಟಿದ್ದರೆ ಅದನ್ನೇ ಮೊದಲು ಹೇಳಿ. ನಿಮಗೆ ಯಾರ ಮೇಲೆ ಹೆಚ್ಚು ಪ್ರೀತಿಯೋ ಅವರಿಗಾಗಿಯಾದರೂ ಹೇಳಿ.