ಬೇರೆಯವರ ಬಾಯಿ

ಒಂಬತ್ತು ವರ್ಷದಿಂದ ನಾನು ಬೇರೆಯವರ ಬಾಯಿಗೆ ಮಾತು ತುಂಬುತ್ತಿದ್ದೇನೆ. ಪರಭಾಷೆಯ ಧಾರಾವಾಹಿ ಬರುತ್ತದೆ, ಕತ್ತಲ ಕೋಣೆಯ ಪರದೆಯ ಮೇಲೆ ನಾಯಕಿಯ ತುಟಿ ಬಿಚ್ಚುತ್ತದೆ, ನಾನು ಮಾತಾಡುತ್ತೇನೆ. ಅವಳ ತುಟಿ ಮುಚ್ಚಿದರೆ ನನ್ನದೂ ಮುಚ್ಚಬೇಕು. ಈ ಕಸುಬಿಗೆ ಇರುವುದು ಇದೊಂದೇ ನಿಯಮ. ಅವಳು ಅತ್ತರೆ ಅಳುತ್ತೇನೆ, ಕೆಮ್ಮಿದರೆ ಕೆಮ್ಮುತ್ತೇನೆ. ಯಾರೂ ನನ್ನನ್ನು ನೋಡುವುದಿಲ್ಲ.

ನಾಲ್ಕು ಜನ ಸೇರಿದ ಕಡೆ ನನ್ನ ನಾಲಿಗೆ ಮರಗಟ್ಟುತ್ತದೆ. ಅಂಗಡಿಯಲ್ಲಿ ಸೋಪು ಕೇಳುವ ಮೊದಲೂ ವಾಕ್ಯವನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಳ್ಳುತ್ತೇನೆ. ಹೋದ ವರ್ಷ ಗಂಡ ಸತ್ತಾಗ ಅವನ ಕಚೇರಿಯವರು ಸಂತಾಪ ಸಭೆ ಮಾಡಿ, ಎರಡು ಮಾತಾಡಿ ಎಂದು ನನ್ನ ಕೈಗೆ ಮೈಕು ಕೊಟ್ಟರು. ಒಂದೂ ಹೊರಡಲಿಲ್ಲ. ಪಾಪ, ದುಃಖದಿಂದ ಗಂಟಲು ಕಟ್ಟಿದೆ ಎಂದು ಎಲ್ಲರೂ ಕಣ್ಣೊರೆಸಿಕೊಂಡರು. ದುಃಖವಲ್ಲ, ಮೈಕು. ದುಃಖ ಬಂದಿದ್ದರೆ ನನಗೂ ಗೊತ್ತಾಗುತ್ತಿತ್ತು.

ಹೀಗಿರುವಾಗ ನಮ್ಮ ಸ್ಟುಡಿಯೋ ಮಾಲೀಕನಿಗೆ ಒಂದು ಯೋಚನೆ ಹೊಳೆಯಿತು. ಅವನಿಗೆ ಯೋಚನೆ ಹೊಳೆಯುವುದೆಂದರೆ ಬೇರೆಯವರಿಗೆ ಗ್ರಹಚಾರ.

"ಈಗ ಜನಕ್ಕೆ ಬರೀ ಧ್ವನಿ ಸಾಲಲ್ಲ, ಮುಖನೂ ಬೇಕು," ಎಂದ. "ಹೊಸ ಧಾರಾವಾಹಿ ಬಿಡುಗಡೆ ದಿನ ಎಲ್ಲಾರೂ ವೇದಿಕೆ ಮೇಲೆ ನಿಂತು ಒಂದೊಂದು ದೃಶ್ಯ ಹೇಳ್ಬೇಕು. ಆಗಲ್ಲ ಅನ್ನೋರಿಗೆ ಗುಂಪಿನ ಕೋಣೆ ಇದ್ದೇ ಇದೆ."

ಗುಂಪಿನ ಕೋಣೆಯಲ್ಲಿ ಎಂಟು ಜನ ಒಂದೇ ಮೈಕಿನ ಸುತ್ತ ನಿಂತು ಸಂತೆ, ಆಸ್ಪತ್ರೆ, ಅಪಘಾತಗಳ ಸದ್ದು ಮಾಡುತ್ತಾರೆ. ಮಾತಿಲ್ಲ, ಬರೀ ಗುಜುಗುಜು. ಅಲ್ಲಿಗೆ ಹೋದವರು ಮರಳಿ ಬಂದದ್ದನ್ನು ನಾನು ನೋಡಿಲ್ಲ. ಈಗ ನನಗೆ ಬೇಕು ಎನಿಸುವುದು ಹೆಚ್ಚೇನಿಲ್ಲ, ಆದರೆ ಆ ನಾಯಕಿ ಬೇಕಿತ್ತು. ದಿನಕ್ಕೆ ಆರು ಗಂಟೆ ಅವಳು ನಗುತ್ತಾಳೆ, ಅಳುತ್ತಾಳೆ. ಅಷ್ಟು ಹೊತ್ತು ನಾನೂ.

ನಮ್ಮ ಭಯ ಬಿಡಿಸಲು ಮಾಲೀಕ ಒಬ್ಬ ತರಬೇತಿ ಮೇಡಂ ಅನ್ನು ಕರೆಸಿದ. ಆಕೆ ಜೀವನದಲ್ಲಿ ಯಾವತ್ತೂ ಹೆದರಿದವಳಲ್ಲ. ಹೆದರುವಷ್ಟು ಯೋಚಿಸಿದಂತೆಯೂ ಕಾಣಲಿಲ್ಲ.

"ಸಭೇಲಿ ಇರೋರ್ನೆಲ್ಲ ಕುಂಬಳಕಾಯಿ ಅಂದ್ಕೊಳ್ಳಿ," ಎಂದಳು.

"ಕುಂಬಳಕಾಯಿ ಮುಂದೆ ನಿಂತು ಭಾಷಣ ಮಾಡಿದ್ರೆ ಹುಚ್ಚ ಅಂತಾರಲ್ಲ ಮೇಡಂ," ಎಂದವನು ಗುಡುಗಪ್ಪ. ಖಳನಾಯಕರಿಗೆಲ್ಲ ಅವನದೇ ಧ್ವನಿ. ಹೆಂಡತಿಯ ಫೋನು ಬಂದರೆ ಮಾತ್ರ ಎದ್ದು ನಿಂತು ಮಾತಾಡುತ್ತಾನೆ.

"ನೆಗೆಟಿವ್ ಆಗ್ಬೇಡಿ ಸರ್. ಈಗ ಕಣ್ಣು ಮುಚ್ಚಿ, ಹೊಟ್ಟೆ ತುಂಬ ಉಸಿರು ತಗೊಳ್ಳಿ. ನೀವೊಂದು ಬೆಟ್ಟ."

ಬೆಟ್ಟಕ್ಕೆ ಬಾಯಿಲ್ಲ ಎಂದು ಹೇಳಬೇಕೆನಿಸಿತು. ಸುತ್ತ ಎಂಟು ಜನರಿದ್ದರು, ಹೇಳಲಾಗಲಿಲ್ಲ.

ಮನೆಯಲ್ಲಿ ಅತ್ತೆಯ ಮುಂದೆ ನಿಂತು ಅಭ್ಯಾಸ ಮಾಡಿದೆ. ಅವರು ಒಗೆದ ಬಟ್ಟೆ ಮಡಿಸುತ್ತ ಕೇಳಿಸಿಕೊಂಡರು.

"ಸರಾಗವಾಗೇ ಹೇಳ್ತೀಯಲ್ಲೇ. ನಾನೇನು ಜನ ಅಲ್ವಾ?"

"ನೀವೊಬ್ರೇ ಅಲ್ವಾ ಅತ್ತೆ."

"ನಮ್ಮಮ್ಮ ಒಬ್ಳೇ ನಾನೂರು ಜನಕ್ಕೆ ಸಮ ಅಂತಿದ್ದ ನಿನ್ನ ಗಂಡ."

ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಬಟ್ಟೆ ಮಡಿಸಿದೆವು.

ಬಿಡುಗಡೆಯ ಸಂಜೆ ಸಭಾಂಗಣ ತುಂಬಿತ್ತು. ನನ್ನ ಪಾಲಿಗೆ ಬಂದದ್ದು ನ್ಯಾಯಾಲಯದ ದೃಶ್ಯ, ಮಗುವನ್ನು ಕಳೆದುಕೊಂಡ ತಾಯಿಯ ಮೇಲೇ ಕೊಲೆಯ ಆರೋಪ. ಬೆನ್ನ ಹಿಂದಿನ ಪರದೆಯಲ್ಲಿ ಅವಳ ಚಿತ್ರ ಮೂಕವಾಗಿ ಓಡುತ್ತಿತ್ತು. ತಿರುಗಿ ನೋಡುವಂತಿರಲಿಲ್ಲ. ನಿಲ್ಲಬೇಕಾದ ಜಾಗಕ್ಕೆ ಮಾಲೀಕನೇ ಸೀಮೆಸುಣ್ಣದಲ್ಲಿ ಗುರುತು ಹಾಕಿ, "ಪರದೆ ಜನಕ್ಕೆ, ನಿಮ್ಮ ಮುಖನೂ ಜನಕ್ಕೆ" ಎಂದು ಎಚ್ಚರಿಸಿದ್ದ.

ಬೆಳಕು ಮುಖಕ್ಕೆ ಬಡಿಯಿತು. ಮಾತೆಲ್ಲ ಬಾಯಿಪಾಠವಾಗಿತ್ತು, ಆದರೆ ಯಾವಾಗ ಶುರು ಮಾಡಬೇಕೆಂದು ನನಗೆ ಹೇಳುವ ತುಟಿ ಎದುರಿಗಿರಲಿಲ್ಲ. ಮೂರನೇ ಸಾಲಿನಲ್ಲಿ ಯಾರೋ ಕೆಮ್ಮಿದರು. ಅಭ್ಯಾಸಬಲದಿಂದ ನಾನೂ ಕೆಮ್ಮಿದೆ.

ಆಗ ಕಂಡದ್ದು ಮೊದಲ ಸಾಲಿನ ನಡುವೆ ಕೂತಿದ್ದ ಮಾಲೀಕ. ಪಕ್ಕದ ಅತಿಥಿಯ ಕಿವಿಯಲ್ಲಿ ಏನೋ ಕೊರೆಯುತ್ತಿದ್ದ. ಅಗಲ ಬಾಯಿ, ದಪ್ಪ ತುಟಿ, ಎಳೆದೆಳೆದು ಆಡುವ ಚಾಳಿ. ನೋಡಲು ಅಸಹ್ಯ, ನನ್ನ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ಅವನ ತುಟಿ ಬಿಚ್ಚಿತು.

"ನ್ಯಾಯಾಧೀಶರೇ," ಎಂದೆ.

ಅವನು ಆಡಿದಂತೆಲ್ಲ ನಾನು ಆಡಿದೆ. ಅವನು ಎಳೆದಲ್ಲಿ ಎಳೆದೆ, ತಡವರಿಸಿದಲ್ಲಿ ತಡವರಿಸಿದೆ. ಒಮ್ಮೆ ಅವನು ಹಲ್ಲು ಬಿಟ್ಟು ನಕ್ಕ, ಅದನ್ನು ಬಿಕ್ಕಳಿಕೆ ಮಾಡಿಕೊಂಡೆ. ಒಂಬತ್ತು ವರ್ಷದ ವಿದ್ಯೆ, ಹಾಳು ಮುಖದ ಮೇಲೂ ಕೂಡುತ್ತದೆ. ಆ ತಾಯಿಯ ಸಂಕಟವೆಲ್ಲ ಆ ಬಾಯಿಯಿಂದ ಹೊರಬರುತ್ತಿದ್ದುದನ್ನು ಸಭೆಯಲ್ಲಿ ನಾನೊಬ್ಬಳೇ ನೋಡಿದೆ.

ಅರ್ಧದಲ್ಲಿ ಅವನು ತಲೆಯೆತ್ತಿದ. ನನ್ನ ಕಣ್ಣು ಅವನ ಮೇಲೇ ನೆಟ್ಟಿತ್ತು. ಗಲಾಟೆ ಮಾಡಿದ್ದಕ್ಕೆ ಗದರಿಸುತ್ತಿದ್ದೇನೆಂದು ತಿಳಿದಿರಬೇಕು, ತರಗತಿಯಲ್ಲಿ ಸಿಕ್ಕಿಬಿದ್ದವನಂತೆ ಬಾಯಿ ಮುಚ್ಚಿದ. ನನ್ನದೂ ಮುಚ್ಚಿತು.

"ನನ್ನ ಮಗುವನ್ನ ನಾನು" ಎಂಬಲ್ಲಿಗೆ ನಿಂತಿದ್ದೆ.

ಅವನು ಬಾಯಿ ಬಿಡಲಿಲ್ಲ. ನಾನು ಕಾದೆ. ತುಟಿ ಮುಚ್ಚಿದಾಗ ಕಾಯದೆ ಮಾತಾಡುವುದು ನಮ್ಮಲ್ಲಿ ಹೊಸಬರು ಮಾಡುವ ತಪ್ಪು. ಇನ್ನು ಗುಂಪಿನ ಕೋಣೆಯೇ ಗತಿ, ನಾಳೆಯಿಂದ ಅಪಘಾತದ ಸದ್ದು ಎಂದುಕೊಂಡೆ. ಅಷ್ಟರಲ್ಲಿ ಎರಡನೇ ಸಾಲಿನ ಹೆಂಗಸೊಬ್ಬಳು ಕರವಸ್ತ್ರ ತೆಗೆದಳು. ಅವಳನ್ನು ನೋಡಿ ಪಕ್ಕದವಳೂ ತೆಗೆದಳು. ಕುರಿಗಳಂತೆ ಸಾಲಿಗೆ ಸಾಲೇ ಮೂಗು ಒರೆಸಿಕೊಂಡಿತು. ಬಾಯಿ ಕಟ್ಟಿದವಳನ್ನು ಕಂಡರೆ ಜನಕ್ಕೆ ಅದೇನು ಸುಖವೋ.

ಕೊನೆಗೆ ಅತಿಥಿ ಮಾಲೀಕನನ್ನು ತಿವಿದು ಏನೋ ಕೇಳಿದ. "ಆಮೇಲೆ ಹೇಳ್ತೀನಿ" ಎಂದಿರಬೇಕು ಇವನು. ಅಷ್ಟು ಸಾಕಾಯಿತು.

"ಕೊಂದಿಲ್ಲ," ಎಂದೆ.

ಚಪ್ಪಾಳೆ ಬಿತ್ತು. ನಾನು ನೆಟ್ಟಗೆ ಹಿಂದಿನ ಬಚ್ಚಲಿಗೆ ಹೋಗಿ ವಾಂತಿ ಮಾಡಿದೆ. ಬಾಯಿ ತೊಳೆಯುವಾಗ ಮಾಲೀಕ ಬಾಗಿಲಲ್ಲಿ ಬಂದು ನಿಂತ.

"ಆ ಮೌನ ಇತ್ತಲ್ಲ, ಅದನ್ನ ಎಲ್ಲಿ ಕಲಿತ್ರಿ? ಅತಿಥಿಗಳು ಅತ್ತೇಬಿಟ್ರು. ನಾಯಕಿ ನಿಮ್ದೇ. ಇನ್ನೂ ನಾಲ್ಕು ಊರಲ್ಲಿ ಇದೇ ಕಾರ್ಯಕ್ರಮ ಇದೆ, ಹಿಂಗೇ ಮಾಡಿ."

"ಮೊದಲ ಸಾಲಲ್ಲಿ ನೀವೇ ಕೂತ್ಕೋಬೇಕು."

"ನಾನಾ?" ಅವನು ಅಂಗಿಯ ಕಾಲರು ಸರಿಮಾಡಿಕೊಂಡ. "ನಾನಿದ್ರೆ ಧೈರ್ಯ ಬರುತ್ತೆ ಅಂದ್ರೆ ಕೂತ್ಕೋತೀನಿ ಬಿಡಿ."

"ಮಾತಾಡ್ತಾನೇ ಇರ್ಬೇಕು. ನಿಲ್ಲಿಸಬಾರದು."

"ಯಾರ ಹತ್ರ?"

"ಯಾರ ಹತ್ರ ಆದ್ರೂ ಪರವಾಗಿಲ್ಲ. ನೀವು ಹೇಳೋದನ್ನ ಯಾರೂ ಕೇಳಿಸ್ಕೋಬೇಕಾಗಿಲ್ಲ."

ಅವನು ಒಂದು ಕ್ಷಣ ಯೋಚಿಸಿದ. ಆಮೇಲೆ ಫೋನು ತೆಗೆದು ಅದನ್ನು ಬರೆದುಕೊಂಡ.