ಕುಂಕುಮ ಹತ್ತಿದ ಬಾಟಲಿ

ಮಹಾನವಮಿಯ ಮುಂಜಾನೆ, ಹೊಲದಾಗ ಹತ್ತಿ ಒಡೆಯುವ ಕಾಲ. ಗಜೇಂದ್ರಗಡದ ಲ್ಯಾಬಿನ ಕಾವಲುಗಾರ ಪರಶಪ್ಪ ಆಯುಧಗಳ ಖಂಡೆ ಪೂಜೆಗೆ ಕತ್ತರಿ, ಚಿಮಟ ಎಲ್ಲಾ ಒರೆಸಿ ಇಟ್ಟಿದ್ದ. ಅಲ್ಲೇ ಕೆಲಸ ಮಾಡುವ ಮಗಳು ಗೌತಮಿ ಕಾಯಿ ತರಲು ಹೋಗಿದ್ದಳು. ಆಗ ಅವನಿಗೆ ಫ್ರಿಜ್ಜಿನೊಳಗಿನ ಹೆಬ್ಬೆರಳಿನಷ್ಟು ಬಾಟಲಿ ನೆನಪಾಯಿತು. ಇಡೀ ಲ್ಯಾಬಿನಲ್ಲಿ ಇದೇ ಶಾಣ್ಯಾ, ಭಾರೀ ಬುದ್ಧಿವಂತ ಎಂದು ಮಗಳು ಹೇಳಿದ್ದಳು. ಅದರೊಳಗಿನದು ಆಂಟಿಬಾಡಿ. ಎದೆಯ ಗಂಟಿನ ತುಣುಕಿನಲ್ಲಿ ಹೆಣ್ಣು ಹಾರ್ಮೋನನ್ನು ಹಿಡಿದುಕೊಳ್ಳುವ ಪ್ರೋಟೀನು ಇದ್ದರೆ ಹುಡುಕಿ ಅಂಟಿಕೊಳ್ಳುತ್ತದೆ, ಅಲ್ಲಿ ಕಂದು ಬಣ್ಣ ಮೂಡುತ್ತದೆ. ಬಣ್ಣ ಮೂಡಿದವರಿಗೆ ಹಾರ್ಮೋನು ತಡೆಯುವ ಗುಳಿಗೆ ಹತ್ತುತ್ತದೆ.

ಅಂಥಾ ಶಾಣ್ಯಾನನ್ನು ಪೂಜೆಗೆ ಇಡದೆ ಇರುವುದುಂಟೆ? ಪರಶಪ್ಪ ಮುಚ್ಚಳಕ್ಕೆ ಕುಂಕುಮ ಹಚ್ಚಿ, ಚೆಂಡುಹೂವಿನೊಳಗೆ, ದೀಪದ ಬದಿಗೆ ಇಟ್ಟ. ಹೂವಿನಲ್ಲಿ ಮುಚ್ಚಿಹೋದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಪೂಜೆಗಿಟ್ಟದ್ದನ್ನು ಬನ್ನಿ ಕೊಡುವ ತನಕ ಕದಲಿಸುವಂತಿಲ್ಲ. ಮರುದಿನ ಸಂಜೆ ಬನ್ನಿ ಹಂಚಿ ಬಂದ ಮೇಲೆ ತಾನೇ ಮತ್ತೆ ಫ್ರಿಜ್ಜಿನೊಳಗಿಟ್ಟ.

ಹಬ್ಬ ಮುಗಿದೊಡನೆ ಸೂಡಿಯ ಕಲ್ಲವ್ವನ ಎದೆಯ ಗಂಟಿನ ತುಣುಕು ಪರೀಕ್ಷೆಗೆ ಬಂತು. ಬಣ್ಣದ ಪರೀಕ್ಷೆಯೆಂದು ಕೇಳಿದ್ದ ಕಲ್ಲವ್ವ ಹೊರಗೆ ಬಾಕಿನ ಮೇಲೆ ಕುಂತು, ಸೀರಿಗಿ ಹಿಡಿದಷ್ಟು ಲಗೂ ನನಗ ಬಣ್ಣ ಹಿಡೀವಲ್ದು ನೋಡು ಎಂದು ನಗುತ್ತಿದ್ದಳು. ಕೈ ಮಾತ್ರ ಸೆರಗಿನ ತುದಿ ತಿರುವುತ್ತಿತ್ತು.

ಒಳಗೆ ಅವಳ ತುಣುಕಿನ ಸ್ಲೈಡು ಬೆಳ್ಳಗೇ ಇತ್ತು. ಲ್ಯಾಬಿನ ಡಾಕ್ಟರ ಪ್ರಭುಲಿಂಗಪ್ಪ ಗೌತಮಿಗೆ, ಬಣ್ಣ ಬಂದಿಲ್ಲ ಎಂದು ಬರೆದು ಕೊಡು, ಹುಬ್ಬಳ್ಳಿ ದವಾಖಾನಿಯವರು ಕಾಯುತ್ತಿದ್ದಾರೆ ಎಂದರು.

“ಇಲ್ರಿ ಸರ,” ಎಂದಳು ಗೌತಮಿ. “ಬಣ್ಣ ಬಂದೇ ಬರತೈತಿ ಅಂತ ಗೊತ್ತಿದ್ದ ಸ್ಲೈಡನೂ ಜೋಡಿ ಹಾಕೀನಿ. ಅದೂ ಬೆಳ್ಳಗೈತಿ. ತಪ್ಪು ಕಲ್ಲವ್ವಂದಲ್ಲ, ಬಾಟಲಿದು.”

ಬಾಟಲಿ ತಿರುವಿ ನೋಡಿದರೆ ಮುಚ್ಚಳದ ಅಂಚಿಗೆ ಕುಂಕುಮ. ಬಾಗಿಲಲ್ಲಿ ಅಪ್ಪ ನಿಂತಿದ್ದ. ಅವಳು ಅವನನ್ನು ನೋಡಿ, ಡಾಕ್ಟರ ಕಡೆ ತಿರುಗಿದಳು.

“ಇದನ್ನ ಫ್ರಿಜ್ಜಿನ ಹೊರಗಿಟ್ಟಾವ ನಮ್ಮಪ್ಪರಿ, ತಂಪು ತಪ್ಪಿ ಕೆಟ್ಟೈತಿ. ಹೊಸಾದು ಬರೂತನಾ ನಾ ವರದಿ ಬರಿಯಾಂಗಿಲ್ಲ.”

ಡಾಕ್ಟರು ಹೊಸ ಬಾಟಲಿಗೆ ಫೋನು ಮಾಡಿದರು. ತಪ್ಪು ತನ್ನದೇ ಆದರೂ ಪರಶಪ್ಪನ ಎದೆ ಉಬ್ಬಿತ್ತು. ಸಂಜೆ ಚಾದಂಗಡಿಯ ಮೋದಿನಸಾಬ, ಮಗಳೇ ಹಿಡಕೊಟ್ಟಳಂತಲ್ಲೋ ಎಂದು ಕೆಣಕಿದ.

“ಹೌದು. ನನ್ನನ್ನೂ ಬಿಡಲಿಲ್ಲ ನೋಡು ಆಕಿ,” ಎಂದ ಪರಶಪ್ಪ, ಅಂಗಡಿಯವರಿಗೆಲ್ಲಾ ಕೇಳುವಂತೆ.

ಹೊಸ ಬಾಟಲಿ ಬಂತು. ಗೌತಮಿ ಅಪ್ಪನನ್ನು ಕರೆದು ಕಲ್ಲವ್ವನ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದಳು. ಅಗಸಿ ಬೀಜ ಚೆಲ್ಲಿದಂತೆ ಕಂದು ಚುಕ್ಕಿ, ಎಲ್ಲಾ ಕಡೆ.

ಹುಬ್ಬಳ್ಳಿಯಲ್ಲಿ ಬರೆದುಕೊಟ್ಟ ಗುಳಿಗೆ ಸೆರಗಿಗೆ ಕಟ್ಟಿಕೊಂಡು ಕಲ್ಲವ್ವ ಲ್ಯಾಬಿಗೆ ಬಂದಳು. ಗೌತಮಿಯ ಕೆನ್ನೆ ಸವರಿ ನೆಟಿಕೆ ಮುರಿದಳು. ಮುಂದಿನ ವರ್ಷ ಬಾಟಲಿ ಬಿಟ್ಟು ನನ್ನನ್ನೇ ಪೂಜೆಗೆ ಕೂಡಿಸು ಎಂದು ಪರಶಪ್ಪನಿಗೆ ಹೇಳಿ, ಸೂಡಿಯ ಬಸ್ಸು ಹತ್ತಿ ಹೋದಳು.